ನೂರಮೂವತ್ತು ಮಂದಿ ಕಲಿತು ತಂದ ಹೊಲಿಗೆ

ಬಾಂಗ್ಲಾದೇಶ ಇನ್ನೂ ಪೂರ್ತಿ ಕಣ್ಣು ಬಿಡುವ ಮೊದಲೇ ಅದರ ಜಾತಕ ಬರೆದವರಿದ್ದರು. 1971ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನ ಸಭೆಯೊಂದರಲ್ಲಿ ಅಮೆರಿಕದ ಹಿರಿಯ ಅಧಿಕಾರಿ ಅಲೆಕ್ಸಿಸ್ ಜಾನ್ಸನ್, ಆ ದೇಶ 'ಬಾಸ್ಕೆಟ್ ಕೇಸ್' ಆಗಲಿದೆ ಎಂದರು. ಅಂದರೆ, ಸ್ವಂತ ಕಾಲ ಮೇಲೆ ನಿಲ್ಲಲಾರದು ಎಂದು. (ಈ ಮಾತನ್ನು ಲೋಕ ಇಂದಿಗೂ ಹೆನ್ರಿ ಕಿಸಿಂಜರ್ ಹೆಸರಿಗೇ ಹಚ್ಚುತ್ತದೆ. ಅವರು ಆ ಸಭೆಯಲ್ಲಿದ್ದರು. ಆದರೆ ಮಾತು ಜಾನ್ಸನ್ನರದು.)

ಅಂದಿನ ಸ್ಥಿತಿಯೂ ಹಾಗೆಯೇ ಇತ್ತು. 1970ರ ಚಂಡಮಾರುತ ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತ್ತು. ಮರುವರ್ಷದ ಯುದ್ಧದಲ್ಲಿ ಸೇತುವೆ, ರೈಲುಮಾರ್ಗಗಳು ಹಾಳಾದವು. 1974ರಲ್ಲಿ ಭೀಕರ ಕ್ಷಾಮ. ರಫ್ತಿಗೆಂದು ಇದ್ದದ್ದು ಮುಖ್ಯವಾಗಿ ಸೆಣಬು. ಅದಕ್ಕೂ ಪ್ಲಾಸ್ಟಿಕ್ ಚೀಲಗಳ ಪೈಪೋಟಿ.

ಹೊಸ ದಾರಿ ತೆರೆದದ್ದು ಮತ್ತೊಂದು ದೇಶದ ತೊಡಕಿನಿಂದ. ತಮ್ಮ ಗಿರಣಿಗಳನ್ನು ಕಾಪಾಡಿಕೊಳ್ಳಲು ಶ್ರೀಮಂತ ರಾಷ್ಟ್ರಗಳು 1974ರಲ್ಲಿ ಬಟ್ಟೆ ಆಮದಿಗೆ ದೇಶವಾರು ಕೋಟಾ ವ್ಯವಸ್ಥೆ ತಂದವು. 1950ರ ದಶಕದ ಯುದ್ಧದಲ್ಲಿ ನೆಲಸಮವಾಗಿ ಮತ್ತೆ ಎದ್ದು ನಿಂತಿದ್ದ ದಕ್ಷಿಣ ಕೊರಿಯಾಕ್ಕೆ ಇದರ ಬಿಸಿ ತಟ್ಟಿತು. ಉಡುಪು ಉದ್ಯಮವೇ ಇಲ್ಲದ ಬಾಂಗ್ಲಾದೇಶಕ್ಕೆ ಯಾವ ಕೋಟಾವೂ ಇರಲಿಲ್ಲ. ಬಡತನವೇ ಬಂಡವಾಳವಾಗುವುದೆಂದರೆ ಇದೇ ಇರಬೇಕು!

ಕೊರಿಯಾದ ಡೇವೂ ಕಂಪನಿಯೊಂದಿಗೆ 1978ರಲ್ಲಿ ಒಪ್ಪಂದ ಮಾಡಿಕೊಂಡವರು ವಿಮೋಚನಾ ಹೋರಾಟದಲ್ಲಿ ಪಾಲ್ಗೊಂಡಿದ್ದ ಮಾಜಿ ಆಡಳಿತಾಧಿಕಾರಿ ನೂರುಲ್ ಖಾದರ್. ಅವರ 'ದೇಶ್ ಗಾರ್ಮೆಂಟ್ಸ್' ಸಂಸ್ಥೆ 1979ರಲ್ಲಿ ಸುಮಾರು 130 ಮಂದಿಯನ್ನು ಕೊರಿಯಾದ ಪೂಸಾನ್ ನಗರಕ್ಕೆ ಕಳುಹಿಸಿತು. ಅವರು ಅಲ್ಲಿ ತಿಂಗಳುಗಟ್ಟಲೆ ಇದ್ದು ಹೊಲಿಗೆಯನ್ನಷ್ಟೇ ಅಲ್ಲ, ಗುಣಮಟ್ಟದ ತಪಾಸಣೆ, ಕಾರ್ಖಾನೆಯ ನಿರ್ವಹಣೆ, ವಿದೇಶಿ ಗಿರಾಕಿಯೊಡನೆ ವ್ಯವಹರಿಸುವ ಬಗೆಯನ್ನೂ ಕಲಿತರು. 1980ರಲ್ಲಿ ಚಿತ್ತಗಾಂಗ್‌ನ ಕಾರ್ಖಾನೆ ಆರಂಭವಾಯಿತು. ಮೊದಲ ವರ್ಷ ಹೊರಬಂದ ಅಂಗಿಗಳು ಸುಮಾರು 43 ಸಾವಿರ. 1987ರ ಹೊತ್ತಿಗೆ ಅದು 23 ಲಕ್ಷ.

ಅಂಗಿಗಳಿಗಿಂತ ಮುಖ್ಯವಾದದ್ದು ಕಾಗದಪತ್ರದ ಎರಡು ಉಪಾಯಗಳು. ಹೊರಗಿನಿಂದ ತರುವ ಬಟ್ಟೆಗೆ ಭಾರಿ ಸುಂಕವಿತ್ತು. ಅದನ್ನು ತೆತ್ತು ಅಂಗಿ ಹೊಲಿದರೆ ವಿದೇಶದಲ್ಲಿ ಕೊಳ್ಳುವವರಾರು? ಆದ್ದರಿಂದ ಸುಂಕ ಇಲಾಖೆಯ ಉಸ್ತುವಾರಿಯ ಗೋದಾಮಿಗೆ ಬಟ್ಟೆಯನ್ನು ಸುಂಕವಿಲ್ಲದೆ ತಂದು, ಅಂಗಿಯಾಗಿಸಿ ರಫ್ತು ಮಾಡಿದರೆ ಸಾಕೆಂದು ಸರ್ಕಾರ ಒಪ್ಪಿತು. ಎರಡನೆಯದು ಬ್ಯಾಂಕಿನದು. ವಿದೇಶಿ ಗಿರಾಕಿ ಕಳುಹಿಸಿದ ಸಾಲಪತ್ರದ ಆಧಾರದ ಮೇಲೆ, ಬಟ್ಟೆ ಮಾರುವವನಿಗೆ ಬ್ಯಾಂಕ್ ಇನ್ನೊಂದು ಸಾಲಪತ್ರ ಕೊಡುವುದು. ಅಂಗಿ ಮಾರಿ ಬಂದ ಹಣದಲ್ಲಿ ಬಟ್ಟೆಯ ಬಾಕಿ ತೀರುತ್ತಿತ್ತು. ಹೀಗಾಗಿ ಕೈಯಲ್ಲಿ ಹೆಚ್ಚು ಕಾಸಿಲ್ಲದವನೂ ಕಾರ್ಖಾನೆ ನಡೆಸುವಂತಾಯಿತು.

ಕೊರಿಯಾಕ್ಕೆ ಹೋಗಿ ಬಂದವರಲ್ಲಿ ಬಹುಪಾಲು ಮಂದಿ ಕೆಲವೇ ವರ್ಷಗಳಲ್ಲಿ ದೇಶ್ ಗಾರ್ಮೆಂಟ್ಸ್ ಬಿಟ್ಟರು. ಕೆಲವರು ಸ್ವಂತ ಕಾರ್ಖಾನೆ ಹೂಡಿದರು, ಉಳಿದವರು ಬೇರೆಯವರ ಕಾರ್ಖಾನೆ ಸೇರಿದರು. ಖಾದರ್ ಅವರಿಗೆ ಇದು ನಷ್ಟ. ದೇಶಕ್ಕೆ ಇದಕ್ಕಿಂತ ದೊಡ್ಡ ಲಾಭ ಬೇರೊಂದಿಲ್ಲ. ಯಂತ್ರವನ್ನು ಯಾರು ಬೇಕಾದರೂ ಕೊಳ್ಳಬಹುದು. ಗಡುವಿನೊಳಗೆ ಒಂದೇ ಅಳತೆಯ ಹತ್ತು ಸಾವಿರ ಅಂಗಿ ಹಡಗೇರಿಸುವ ವಿದ್ಯೆ ಮಾತ್ರ ಮನುಷ್ಯರ ಜೊತೆಯಲ್ಲೇ ಪ್ರಯಾಣ ಮಾಡಬೇಕು. ನೆರವಿನ ಕೋಟಿಗಳ ಲೆಕ್ಕ ಹಾಕುವವರು ಈ 130 ಮಂದಿಯ ವಿಮಾನದ ಟಿಕೆಟ್ಟನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

1985ರಲ್ಲಿ ಅಮೆರಿಕ ಬಾಂಗ್ಲಾದೇಶದ ಉಡುಪುಗಳಿಗೂ ಕೋಟಾ ಹೇರಿತು. ಕೈಲಾಗದ ದೇಶವೆಂದು ಕರೆಸಿಕೊಂಡದ್ದು 14 ವರ್ಷಗಳಲ್ಲೇ ತಡೆಯಬೇಕಾದ ಪ್ರತಿಸ್ಪರ್ಧಿಯಾಗಿತ್ತು! 2005ರಲ್ಲಿ ಕೋಟಾ ಪದ್ಧತಿಯೇ ಕೊನೆಗೊಂಡಾಗ ಉದ್ಯಮ ಮುಳುಗುವುದೆಂಬ ಭಯವಿತ್ತು, ಮುಳುಗಲಿಲ್ಲ. ಇಂದು ಆ ದೇಶದ ರಫ್ತಿನಲ್ಲಿ ಐದರಲ್ಲಿ ನಾಲ್ಕು ಪಾಲು ಸಿದ್ಧ ಉಡುಪಿನದೇ. ಹಳ್ಳಿಗಳಿಂದ ಬಂದ ಲಕ್ಷಾಂತರ ಹೆಣ್ಣುಮಕ್ಕಳು ಮೊದಲ ಬಾರಿಗೆ ಸಂಬಳ ಎಣಿಸಿದ್ದು ಈ ಯಂತ್ರಗಳ ಮುಂದೆ.

ಈ ಏಳಿಗೆಯ ಬೆಲೆ ತೆತ್ತವರೂ ಅವರೇ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವಾರ್‌ನಲ್ಲಿ ಎಂಟು ಅಂತಸ್ತಿನ ರಾಣಾ ಪ್ಲಾಜಾ ಕುಸಿದು 1,134 ಮಂದಿ ಸತ್ತರು. ಗೋಡೆಯ ಬಿರುಕು ಹಿಂದಿನ ದಿನವೇ ಕಂಡಿತ್ತು. ಕಟ್ಟಡದಲ್ಲಿದ್ದ ಬ್ಯಾಂಕ್ ಅಂದು ಬಾಗಿಲು ತೆರೆಯಲಿಲ್ಲ. ಹೊಲಿಗೆಯವರನ್ನು ಮಾತ್ರ ಕೆಲಸಕ್ಕೆ ಕರೆಸಲಾಗಿತ್ತು. ಆ ಬಳಿಕ ವಿದೇಶಿ ಬ್ರಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಸುರಕ್ಷತಾ ಒಪ್ಪಂದವಾಯಿತು, ಕಾರ್ಖಾನೆಗಳ ತಪಾಸಣೆ ನಡೆಯಿತು. ಕೂಲಿಯ ಪ್ರಶ್ನೆ ಉಳಿಯಿತು. 2023ರಲ್ಲಿ ಕಾರ್ಮಿಕರು ತಿಂಗಳಿಗೆ ಕನಿಷ್ಠ 23,000 ಟಾಕಾ ಕೇಳಿ ಬೀದಿಗಿಳಿದರು. ಸರ್ಕಾರ ಗೊತ್ತುಪಡಿಸಿದ್ದು 12,500.