ಅಮೆರಿಕದ ಬೀಜ, ಗದಗಿನ ಹತ್ತಿ

ಕೆಲವು ತಿಂಗಳ ಹಿಂದೆ ಗದಗಿಗೆ ಹೋಗಿದ್ದೆ. ಬೆಟಗೇರಿಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಮಾಲೀಕರು ಗುರುತು ಹಿಡಿದು ಒಳಗೆ ಕರೆದು ಚಹಾ ತರಿಸಿದರು. "ಹೆಂಗೈತ್ರಿ ವ್ಯಾಪಾರ?" ಅಂತ ಕೇಳಿದೆ ನೋಡಿ, ಅಷ್ಟೇ ಸಾಕಾಯ್ತು ಅವರಿಗೆ.

"ಸರ್, ಹದಿನಾರು ವರ್ಷದಾವ ಇದ್ದಾಗ ಸೀಸದ ಮೊಳಿ ಜೋಡಸಾಕ ಕುಂತೆ. ಅದು ಹೋತು. ಡಿಟಿಪಿ ಕಲತೆ. ಈಗ ಅದೂ ಹೊಂಟೈತಿ. ಲಗ್ನಪತ್ರಿಕಿ ಫೋನಿನ್ಯಾಗ ತಾನ ತಯಾರಾಗಾಕತ್ತೈತಿ. ಇನ್ನೊಮ್ಮೆ ಕಲಿಯೋ ವಯಸ್ಸೇನ್ರಿ ನಂದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಟಿವಿಯಲ್ಲಿ ದಿನಾ ರಾತ್ರಿ ಉತ್ತರ ಕೊಡೋ ನಾನು, ಅಲ್ಲಿ ಚಹಾ ಕುಡಿದು ಸುಮ್ಮನೆ ಕೂತೆ. ಇಂಥ ಕಡೆ ಎಲ್ಲರೂ ಹೇಳೋ ಒಂದು ಕಥೆ ಇದೆ. ಇದೇ ಗದಗಿನ ವಿಜಯ ಸಂಕೇಶ್ವರರ ಕಥೆ. ಮನೆತನದ್ದು ಮುದ್ರಣ, ಪ್ರಕಾಶನ. ಅವರು 1976ರಲ್ಲಿ ಒಂದೇ ಒಂದು ಲಾರಿಯಿಂದ ಶುರು ಮಾಡಿ ದೇಶಕ್ಕೆ ಗೊತ್ತಾದರು. ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೆ ಒಬ್ಬ ಸಂಕೇಶ್ವರರಿಗೆ ಎಷ್ಟು ನೂರು ಜನ ಮೊಳೆ ಜೋಡಿಸೋರು ಇದ್ದರು? ಅವರ ಕಥೆ ಏನು? ಅದಕ್ಕೆ ಉತ್ತರ ಹುಡುಕೋಕೆ ನಾನು ಅಚ್ಚಿನ ಮನೆ ಬಿಟ್ಟು ಹೊಲಕ್ಕೆ ಇಳಿಯಬೇಕಾಯ್ತು. ಯಾಕಂದ್ರೆ ಈ ಸೀಮೆಗೆ ಹೊಸ ತಂತ್ರಜ್ಞಾನ ಮೊದಲು ಬಂದದ್ದು ಕಂಪ್ಯೂಟರ್ ರೂಪದಲ್ಲಿ ಅಲ್ಲ, ಹತ್ತಿ ಬೀಜದ ರೂಪದಲ್ಲಿ.

1840. ಇಂಗ್ಲೆಂಡಿನ ಗಿರಣಿಗಳಿಗೆ ಉದ್ದನೆಯ ಎಳೆಯ ಹತ್ತಿ ಬೇಕು. ಅಮೆರಿಕವನ್ನೇ ನಂಬಿ ಕೂರೋಕೆ ಭಯ. ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿತು. ದೇಶದ ಬೇರೆ ಬೇರೆ ಕಡೆ ಪ್ರಯೋಗ ನಡೆಯಿತು. ಬಹುತೇಕ ಕಡೆ ಬೆಳೆ ಒಣಗಿತು. ಊರಿಕೊಂಡದ್ದು ಎಲ್ಲಿ ಗೊತ್ತಾ? ನಮ್ಮ ಧಾರವಾಡ ಜಿಲ್ಲೆಯ ಎರೆಹೊಲದಲ್ಲಿ. ನ್ಯೂ ಆರ್ಲಿಯನ್ಸ್ ಬೀಜ ಇಲ್ಲಿಯ ಮಣ್ಣಿಗೆ ಹೊಂದಿಕೊಂಡು 'ಧಾರವಾಡ ಅಮೆರಿಕನ್' ಅಂತ ಹೆಸರು ಪಡೆಯಿತು. ಇಪ್ಪತ್ತು ವರ್ಷದಲ್ಲಿ ಅದರ ವಿಸ್ತೀರ್ಣ ಲಕ್ಷ ಎಕರೆ ದಾಟಿತು.

ಆದರೆ ಆ ಬೀಜದಲ್ಲಿ ಒಂದು ತಕರಾರು ಇತ್ತು. ನಮ್ಮ ಜವಾರಿ ಹತ್ತಿಯ ಬೀಜ ಬಿಡಿಸೋ ಕೆಲಸ ಹೆಣ್ಣುಮಕ್ಕಳದ್ದು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ, ಅದರ ಮೇಲೆ ಕಬ್ಬಿಣದ ಸಲಾಕೆ, ಅದನ್ನು ಅಂಗಾಲಿನಿಂದ ಉರುಳಿಸಬೇಕು. ಬೀಜ ಒಂದು ಕಡೆ, ಅರಳೆ ಒಂದು ಕಡೆ. ಅಮೆರಿಕದ ಹತ್ತಿಯಲ್ಲಿ ಎಳೆ ಬೀಜಕ್ಕೆ ಕಚ್ಚಿಕೊಂಡಿರುತ್ತೆ, ಕಾಲಿಗೆ ಬಗ್ಗೋದಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ನೇ ಬೇಕು. ಬೀಜ ಬಂತು, ಬೆನ್ನ ಹಿಂದೇ ಮಷೀನೂ ಬಂತು. ಧಾರವಾಡದಲ್ಲಿ ಜಿನ್ ತಯಾರಿಸೋ, ರಿಪೇರಿ ಮಾಡೋ ಸರ್ಕಾರಿ ಕಾರ್ಖಾನೆಯೇ ಎದ್ದಿತು. ಕಾಲಲ್ಲಿ ಸಲಾಕೆ ಉರುಳಿಸುತ್ತಿದ್ದ ಆ ಹೆಣ್ಣುಮಗಳ ಕೂಲಿ ಏನಾಯ್ತು ಅಂತ ಯಾವ ಸಾಹೇಬನೂ ವರದಿಯಲ್ಲಿ ಪುಟಗಟ್ಟಲೆ ಬರೆದಿಲ್ಲ. "ಮಷೀನು ಕೆಲಸ ಕಸಿಯೋದಿಲ್ಲ, ಹೊಸ ಕೆಲಸ ಕೊಡುತ್ತೆ" ಅಂತ ಸ್ಟುಡಿಯೋದಲ್ಲಿ ಕೂತು ಹೇಳೋ ತಜ್ಞರಿಗೆ ನಾನು ಕೇಳೋದು ಇಷ್ಟೇ. ಯಾರಿಗೆ ಸ್ವಾಮಿ? ಅಜ್ಜಿ ಕಳಕೊಂಡ ಕೂಲಿ ಮೊಮ್ಮಗನಿಗೆ ಸಂಬಳವಾಗಿ ಬಂದರೆ ಅಜ್ಜಿಯ ಹೊಟ್ಟೆ ತುಂಬುತ್ತಾ?

ಆಮೇಲೆ ಬಂತು ದುಡ್ಡಿನ ಮಳೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ. ಲ್ಯಾಂಕಾಶೈರಿಗೆ ಹತ್ತಿ ನಿಂತಿತು, ನಮ್ಮ ಹತ್ತಿಗೆ ಬಂಗಾರದ ರೇಟು. ದುರಾಸೆಯೂ ಜೊತೆಗೇ ಬಂತು. ಉತ್ತಮ ಹತ್ತಿಗೆ ಕಳಪೆ ಬೆರೆಸೋದು ಎಷ್ಟು ಹೆಚ್ಚಾಯ್ತು ಅಂದ್ರೆ 1863ರಲ್ಲಿ ಮುಂಬೈ ಸರ್ಕಾರ ಹತ್ತಿ ಮೋಸ ತಡೆಯೋಕೇ ಒಂದು ಕಾಯ್ದೆ ತಂದಿತು. 1865ಕ್ಕೆ ಯುದ್ಧ ಮುಗಿಯಿತು, ರೇಟು ಕುಸಿಯಿತು. ಹತ್ತು ವರ್ಷ ಕಳೆಯೋದರಲ್ಲಿ 1876–78ರ ಬರ. ಹತ್ತಿ ಬೆಳೆದವನ ಮನೆಯಲ್ಲಿ ಜೋಳ ಇಲ್ಲ!

ಆ ಬರದ ಪಾಠದಿಂದಲೇ ರೈಲು ಬಂದದ್ದು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು, ಆ ದಶಕದಲ್ಲೇ ಗದಗ ಜಂಕ್ಷನ್ ಆಯಿತು. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಮುಂಡರಗಿ ನೇರ ಬ್ರಿಟಿಷರದ್ದು. ಒಡೆಯರು ಮೂರು, ದೊಡ್ಡ ಪೇಟೆ ಮಾತ್ರ ಗದಗ. ಅಲ್ಲಿಂದ ಅಂಡಿಗೆಗಳು ರೈಲು ಹತ್ತಿದವು. ಅದಕ್ಕಿಂತ ಮುಂಚೆ ಇದೇ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಈ ಭಾಗದ ಜವಾರಿ ಹತ್ತಿಗೆ ವಿಲಾಯತಿಯ ಮಾರುಕಟ್ಟೆಯಲ್ಲಿ 'ಕುಮಟಾ' ಅಂತಲೇ ಹೆಸರು. ರೈಲು ಬಂತು, ಕುಮಟಾ ಬಂದರು ಮಲಗಿತು. ಗದಗಿನ ಏಳಿಗೆಯ ಕಥೆ ಹೇಳೋವಾಗ ಕುಮಟಾದ ಕಡೆ ಒಮ್ಮೆ ತಿರುಗಿ ನೋಡಬೇಕು.

ಸರಿ, ಒಳ್ಳೆ ಬೀಜ ಇದೆ, ಜಿನ್ ಇದೆ, ರೈಲು ಇದೆ. ರೈತ ಗೆದ್ದನಾ? ಇಲ್ಲ. ಬಿತ್ತೋಕೆ ದುಡ್ಡು ಸಾವುಕಾರನದ್ದು. ಬೆಳೆ ಹೊಲದಲ್ಲಿ ಇದ್ದಾಗಲೇ ಅವನ ಹೆಸರಿಗೆ. ಲಿವರ್‌ಪೂಲಿನ ರೇಟು ತಂತಿಯಲ್ಲಿ ಪೇಟೆಗೆ ಬರುತ್ತಿತ್ತು, ರೈತನ ಕಿವಿಗೆ ಬೀಳುತ್ತಿರಲಿಲ್ಲ. ಮಷೀನು ತಂದ ಲಾಭ ಬಡ್ಡಿ ಪುಸ್ತಕದಲ್ಲಿ ಇಂಗಿಹೋಗುತ್ತಿತ್ತು.

ಇದಕ್ಕೆ ಮದ್ದು ಸಿಕ್ಕಿದ್ದು ಇನ್ನೊಂದು ಮಷೀನಿನಲ್ಲಿ ಅಲ್ಲ. ಗದಗ ತಾಲೂಕಿನ ಕಣಗಿನಹಾಳ ಅನ್ನೋ ಪುಟ್ಟ ಹಳ್ಳಿಯಲ್ಲಿ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರ ಮೇ 8ಕ್ಕೆ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಾಯಿಸಿದರು. ಕರ್ನಾಟಕದ ಸಹಕಾರ ಚಳವಳಿಯ ಬೇರು ಅಲ್ಲಿದೆ. ಇವತ್ತು ನಮಗೆ ಸೊಸೈಟಿ ಅಂದ್ರೆ ಗೊಬ್ಬರದ ಚೀಲ, ಸಾಲ ಮನ್ನಾ, ಚುನಾವಣೆ. ಆವತ್ತು ಅದರ ಅರ್ಥ ಬೇರೆ. ಆ ಕಾಯ್ದೆಯಡಿ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಅಂದ್ರೆ ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲ–ಮನೆಗೂ ಕುತ್ತು. ಜರ್ಮನಿಯ ರೈಫೈಸನ್ ಅನ್ನೋ ಮೇಯರ್ ತನ್ನ ಹಳ್ಳಿಗಳಲ್ಲಿ ನಡೆಸಿದ್ದ ಲೆಕ್ಕಾಚಾರ ಅದು. ಪಕ್ಕದ ಹೊಲದವನು ಸಾಲ ತಗೊಂಡು ಎತ್ತು ಕೊಂಡನೋ, ಕುಡಿದು ಹಾಳು ಮಾಡಿದನೋ ಅಂತ ಬ್ಯಾಂಕಿನವನಿಗೆ ಗೊತ್ತಾಗಲ್ಲ, ಪಕ್ಕದವನಿಗೆ ಗೊತ್ತಿರುತ್ತೆ. ಊರಿನ ಕಟ್ಟೆಯ ಮಾತನ್ನೇ ಲೆಕ್ಕದ ಪುಸ್ತಕಕ್ಕೆ ಏರಿಸಿದ ತಂತ್ರ ಇದು. ನನ್ನ ಕೇಳಿದರೆ, ರೈಲಿಗಿಂತ ದೊಡ್ಡ ಯಂತ್ರ.

ಇತ್ತ ಹೊಲದಲ್ಲೂ ಕೆಲಸ ನಡೆದಿತ್ತು. ಅಮೆರಿಕದ ತಳಿಗೆ ಎಲೆ ಕೆಂಪಾಗೋ ರೋಗ. ರೋಗ ತಡೆಯೋ ಗಿಡಗಳನ್ನು ಆರಿಸಿ ಆರಿಸಿ ಕೃಷಿ ವಿಜ್ಞಾನಿಗಳು ಒಂದು ತಳಿ ಮಾಡಿದರು. ಹೆಸರು 'ಗದಗ–1'. ಅದನ್ನು ಮತ್ತೊಂದರ ಜೊತೆ ಕೂಡಿಸಿದಾಗ 'ಲಕ್ಷ್ಮಿ' ಹುಟ್ಟಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕತರ್ಕಿ ಅವರು ಆ ಲಕ್ಷ್ಮಿಯನ್ನೇ ಉದ್ದನೆಳೆಯ ಇನ್ನೊಂದು ಜಾತಿಯ ಹತ್ತಿಗೆ ಕೂಡಿಸಿ 'ವರಲಕ್ಷ್ಮಿ' ತಂದರು. ಎರಡು ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ವ್ಯಾಪಾರಕ್ಕೆ ತಂದ ಹೈಬ್ರಿಡ್ ಜಗತ್ತಿನಲ್ಲೇ ಅದು ಮೊದಲು. ನೂರಮೂವತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದ ಬೀಜದ ವಂಶ ಅದು! ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲರು ಕಟ್ಟಿದ ಸಹಕಾರಿ ಜವಳಿ ಗಿರಣಿಯೂ ಕಣಗಿನಹಾಳದ ದಾರಿಯಲ್ಲೇ ಬಂದದ್ದು.

ಹೈಬ್ರಿಡ್ ಬೀಜ ತಯಾರಿ ಮಷೀನಿನ ಕೆಲಸ ಅಲ್ಲ. ಸಂಜೆ ಪ್ರತಿ ಮೊಗ್ಗನ್ನೂ ಬಿಡಿಸಿ ಗಂಡು ಭಾಗ ತೆಗೀಬೇಕು, ಬೆಳಿಗ್ಗೆ ಇನ್ನೊಂದು ಹೂವಿನ ಪರಾಗ ಸವರಬೇಕು. ಒಂದು ಕಾಲದಲ್ಲಿ ಜಿನ್ ಕಸಿದ ಕೂಲಿಯನ್ನು ವಿಜ್ಞಾನ ಮತ್ತೆ ಹೆಣ್ಣುಮಕ್ಕಳ ಕೈಗೆ ತಂದಿತು. ಪೂರ್ತಿ ಸಂತೋಷ ಪಡೋ ಹಾಗಿಲ್ಲ. ಬೀಜದ ಪ್ಲಾಟುಗಳಲ್ಲಿ ಶಾಲೆ ಬಿಟ್ಟ ಮಕ್ಕಳೂ ದುಡಿದರು. ರೈತ ಪ್ರತಿ ವರ್ಷ ಬೀಜ ಕೊಳ್ಳಬೇಕಾಯ್ತು, ಔಷಧಿ ಸಾಲ ಬೆಳೆಯಿತು. 2002ರಲ್ಲಿ ಬಿಟಿ ಹತ್ತಿ ಬಂತು, ಕಾಯಿಕೊರಕ ಸತ್ತಿತು ಅಂದುಕೊಂಡೆವು. ಗುಲಾಬಿ ಕಾಯಿಕೊರಕ ಅದಕ್ಕೂ ಒಗ್ಗಿಕೊಂಡಿತು. ಹುಳವೂ ಕಲಿಯುತ್ತೆ ನೋಡಿ.

ಮುಂಡರಗಿ, ಶಿರಹಟ್ಟಿ ಕಡೆಯಿಂದ ಕಪ್ಪತಗುಡ್ಡದತ್ತ ನೋಡಿದರೆ ಈಗ ಗಾಳಿಯಂತ್ರಗಳು ತಿರುಗುತ್ತಾ ಇರುತ್ತವೆ. ಮತ್ತೆ ಹೊಸ ಮಷೀನು, ಮತ್ತೆ ಹಳೇ ಪ್ರಶ್ನೆ. ಅದರ ಲಾಭದಲ್ಲಿ ಕೆಳಗಿನ ಹಳ್ಳಿಗೆ ಎಷ್ಟು?

ಬೆಟಗೇರಿಯ ಆ ಅಂಗಡಿಗೆ ಮೊನ್ನೆ ಫೋನ್ ಮಾಡಿ ಈ ಕಥೆಯೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಕಣಗಿನಹಾಳದಾಗ ಮೊದಲ ರುಜು ಹಾಕಿದವ್ರಿಗೆ ಅಂಜಿಕಿ ಬಂದಿರಂಗಿಲ್ಲೇನ್ರಿ?" ಅಂದರು. ಬಂದಿರಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಓಣಿಯ ನಾಲ್ಕು ಅಂಗಡಿಯವರು ಕೂಡಿ ಒಂದು ಡಿಜಿಟಲ್ ಪ್ರಿಂಟಿಂಗ್ ಮಷೀನ್ ತರೋ ಮಾತು ನಡೆದಿದೆ ಅಂದರು. ಅವರ ಮಗಳು ಅದನ್ನು ನಡೆಸೋದು ಕಲಿಯೋಕೆ ಹುಬ್ಬಳ್ಳಿಗೆ ಹೋಗುತ್ತಾಳಂತೆ. ಒಬ್ಬರು ಕಂತು ಕಟ್ಟದಿದ್ದರೆ ಉಳಿದ ಮೂವರು ಕಟ್ಟಬೇಕಾ ಬೇಡವಾ, ಆ ಜಗಳ ಮಾತ್ರ ಇನ್ನೂ ಮುಗಿದಿಲ್ಲ.