ಪಾಪ್ಲರ್ 1919: ಒಂದು ಬರೋ ಚುನಾವಣೆಯ ಫಲಿತಾಂಶ ಮತ್ತು ಅದರ ಲೆಕ್ಕಪತ್ರ

ಲಂಡನ್ ನಗರದ ಪೂರ್ವ ಭಾಗದಲ್ಲಿ, ಥೇಮ್ಸ್ ನದಿಯ ಹಡಗುಕಟ್ಟೆಗಳನ್ನು ಸುತ್ತುವರಿದು ಬೆಳೆದಿದ್ದ ಪಾಪ್ಲರ್ ಬರೋದಲ್ಲಿ 1919ರ ನವೆಂಬರ್ 1ರಂದು ಕೌನ್ಸಿಲ್ ಚುನಾವಣೆ ನಡೆದು, ಒಟ್ಟು 42 ಸ್ಥಾನಗಳ ಪೈಕಿ 39 ಲೇಬರ್ ಪಕ್ಷದ ಪಾಲಾದವು. ಬೀದಿ ದೀಪ, ಚರಂಡಿ, ಸಾರ್ವಜನಿಕ ಸ್ನಾನಗೃಹಗಳ ಉಸ್ತುವಾರಿಗಾಗಿ ಆರಿಸಿಬರುವ ಇಂಥ ಸಭೆಗಳ ಫಲಿತಾಂಶ ಒಂದೆರಡು ದಿನ ಪತ್ರಿಕೆಗಳ ಮೂಲೆಯಲ್ಲಿ ಕಾಣಿಸಿಕೊಂಡು ಮರೆಯಾಗುವುದೇ ವಾಡಿಕೆ. ಪಾಪ್ಲರಿನ ಫಲಿತಾಂಶವಾದರೋ ಎರಡು ವರ್ಷಗಳೊಳಗೆ ಮೂವತ್ತು ಮಂದಿ ಪ್ರತಿನಿಧಿಗಳನ್ನು ಸೆರೆಮನೆಗೆ ಕಳಿಸಿತು. ಪಾರ್ಲಿಮೆಂಟಿನಿಂದ ಹೊಸ ಕಾಯಿದೆಯೊಂದನ್ನು ಮಾಡಿಸಿತು. ಆರನೆಯ ವರ್ಷ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಪೀಠದ ಮುಂದೆ ಹೋಗಿ ನಿಂತಿತು. ಚುನಾವಣೆಯಲ್ಲಿ ಗೆದ್ದವರು ತಮಗೆ ಮತ ಕೊಟ್ಟವರ ಇಚ್ಛೆಯನ್ನು ನಡೆಸುವವರೋ ಅಥವಾ ಕಂದಾಯ ಕಟ್ಟಿದವರ ಹಣ ಕಾಯುವ ಧರ್ಮದರ್ಶಿಗಳೋ ಎಂಬ ಪ್ರಶ್ನೆ ಇಂಗ್ಲೆಂಡಿನ ಸ್ಥಳೀಯ ಆಡಳಿತದಲ್ಲಿ ಇಷ್ಟು ನೇರವಾಗಿ ಎದ್ದದ್ದು ಈ ಪ್ರಕರಣದಲ್ಲಿ.

ಲಂಡನ್ ಸರ್ಕಾರ ಕಾಯಿದೆ ಎಂಬ 1899ರ ಶಾಸನದ ಪ್ರಕಾರ ರಾಜಧಾನಿಯನ್ನು 28 ಮಹಾನಗರ ಬರೋಗಳಾಗಿ, ಅಂದರೆ ಸ್ವಂತ ಕೌನ್ಸಿಲ್ ಮತ್ತು ಮೇಯರ್ ಉಳ್ಳ ಪುರಾಡಳಿತ ಘಟಕಗಳಾಗಿ ವಿಂಗಡಿಸಲಾಗಿತ್ತು. ಇಡೀ ಪ್ರದೇಶಕ್ಕೆ ಸಂಬಂಧಿಸಿದ ಕೆಲಸಗಳು ಇವುಗಳ ಮೇಲಿದ್ದ ಲಂಡನ್ ಕೌಂಟಿ ಕೌನ್ಸಿಲಿನ ಕೈಯಲ್ಲಿದ್ದವು. ಪಾಪ್ಲರ್, ಬೋ, ಬ್ರಾಮ್ಲಿ ಎಂಬ ಮೂರು ಹಳೆಯ ಪ್ಯಾರಿಷ್‌ಗಳು ಸೇರಿ ಆದ ಪಾಪ್ಲರ್ ಬರೋದಲ್ಲಿ ಸುಮಾರು 1,60,000 ಜನ ವಾಸವಾಗಿದ್ದರು. ಭಾರತದ ಸರಕು ತರುತ್ತಿದ್ದ ಹಡಗುಗಳಿಗೆಂದು 1806ರಲ್ಲಿ ತೆರೆದ ಈಸ್ಟ್ ಇಂಡಿಯಾ ಡಾಕ್ ಇದ್ದದ್ದು ಇಲ್ಲಿಯೇ. ಅದಕ್ಕೂ ಒಂದೂವರೆ ಶತಮಾನ ಮೊದಲು ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರಾರ್ಥನಾಮಂದಿರವೊಂದನ್ನು ಕಟ್ಟಿಸಿದ್ದೂ ಇಲ್ಲಿಯೇ. ಆದರೆ ಆ ವ್ಯಾಪಾರದ ಲಾಭ ನದಿಯ ಮೇಲ್ಬದಿಯ ‘ಸಿಟಿ’ ಎಂಬ ಹಣಕಾಸು ಕೇಂದ್ರಕ್ಕೆ ಹೋಗುತ್ತಿತ್ತೇ ಹೊರತು ಪಾಪ್ಲರಿಗೆ ಉಳಿಯುತ್ತಿದ್ದದ್ದು ಹಡಗುಕಟ್ಟೆಯ ಬಾಗಿಲಲ್ಲಿ ಬೆಳಗಾಗುವುದರೊಳಗೆ ನೆರೆದು, ಮೇಸ್ತ್ರಿ ಕರೆದರೆ ಅರ್ಧ ದಿನದ ಕೂಲಿ, ಕರೆಯದಿದ್ದರೆ ಬರಿಗೈ ಎಂಬ ಬದುಕು. 1888ರಲ್ಲಿ ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣದ ಕಾರ್ಖಾನೆಯ ಹೆಣ್ಣುಮಕ್ಕಳು ಮುಷ್ಕರ ಹೂಡಿದ್ದು ಇದೇ ಬೋದಲ್ಲಿ. ಮುಂದೆ ಭಾರತಕ್ಕೆ ಬಂದು ನೆಲೆಸಿದ ಆನಿ ಬೆಸೆಂಟ್ ಅವರ ಪರವಾಗಿ ಬರೆದು ಓಡಾಡಿದ್ದರು.

1919ರ ಗೆಲುವನ್ನು ಕೇವಲ ಯುದ್ಧಾನಂತರದ ಅಸಮಾಧಾನದ ಅಲೆ ಎಂದು ವಿವರಿಸಿದರೆ ಸಾಲದು, ಏಕೆಂದರೆ ಮತದಾರರ ಪಟ್ಟಿಯೇ ಬದಲಾಗಿತ್ತು. 1918ರ ಜನಪ್ರಾತಿನಿಧ್ಯ ಕಾಯಿದೆಗೆ ಮೊದಲು ಬಡವರ ಕಾಯಿದೆಯ ಅಡಿಯಲ್ಲಿ ಪರಿಹಾರ ಪಡೆದವನು ಮತದ ಹಕ್ಕನ್ನು ಕಳೆದುಕೊಳ್ಳುತ್ತಿದ್ದನು. ಕೆಲಸ ತಪ್ಪಿದ ಚಳಿಗಾಲದಲ್ಲಿ ಮಕ್ಕಳಿಗೆ ರೊಟ್ಟಿ ಬೇಡಿದ ಕೂಲಿಯವನು ಪೌರನೆಂಬ ಲೆಕ್ಕದಿಂದಲೇ ಹೊರಬೀಳುತ್ತಿದ್ದನು. ಹೊಸ ಕಾಯಿದೆ ಈ ಅನರ್ಹತೆಯನ್ನು ತೆಗೆದುಹಾಕಿತು ಮತ್ತು ಮನೆ ಹಿಡಿದವರ ಜೊತೆಗೆ ಅವರ ಹೆಂಡತಿಯರಿಗೂ, ಮೂವತ್ತು ತುಂಬಿದ್ದರೆ, ಸ್ಥಳೀಯ ಮತವನ್ನು ಕೊಟ್ಟಿತು. ತಂದೆತಾಯಿಯ ಮನೆಯಲ್ಲೇ ಇದ್ದ ವಯಸ್ಕ ಮಕ್ಕಳಂಥವರು ಮಾತ್ರ 1945ರವರೆಗೂ ಈ ಪಟ್ಟಿಯ ಹೊರಗೇ ಉಳಿದರು. ಹೆಂಗಸರು ಕೌನ್ಸಿಲಿಗೆ ಸ್ಪರ್ಧಿಸುವ ಹಕ್ಕು 1907ರಲ್ಲೇ ಬಂದಿದ್ದರಿಂದ, ಬೋ ಪ್ರದೇಶದಲ್ಲಿ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಕಟ್ಟಿದ್ದ ಮತಾಧಿಕಾರ ಚಳವಳಿಯಲ್ಲಿ ಪಳಗಿದ ಮಹಿಳೆಯರಿಗೆ ಅದರ ಪೂರ್ಣ ಉಪಯೋಗ ದೊರೆಯುವ ಕಾಲ ಈಗ ಕೂಡಿಬಂದಿತ್ತು.

ಗೆದ್ದವರ ನಾಯಕ ಜಾರ್ಜ್ ಲ್ಯಾನ್ಸ್‌ಬರಿ, ‘ಡೈಲಿ ಹೆರಾಲ್ಡ್’ ಪತ್ರಿಕೆಯ ಸಂಪಾದಕ, 1890ರ ದಶಕದಿಂದಲೂ ಪಾಪ್ಲರಿನ ಗಾರ್ಡಿಯನ್ಸ್ ಮಂಡಳಿಯಲ್ಲಿದ್ದವರು. ಗಾರ್ಡಿಯನ್ಸ್ ಮಂಡಳಿ ಎಂದರೆ ಬಡವರ ಪರಿಹಾರವನ್ನು ಹಂಚಲು ಪ್ರತ್ಯೇಕವಾಗಿ ಚುನಾಯಿತವಾಗುತ್ತಿದ್ದ ಸಭೆ. ಹೊಸ ಕೌನ್ಸಿಲ್ ಅವರನ್ನು ಮೇಯರ್ ಆಗಿ ಆರಿಸಿತು. ಹಡಗುಕಟ್ಟೆಯ ಕೆಲಸಗಾರರು, ರೈಲ್ವೆ ನೌಕರರು, ಕೂಲಿಗಳು ತುಂಬಿದ್ದ ಆ ಸಭೆ ಮನೆಗಳನ್ನು ಕಟ್ಟಿಸುವುದು, ಕ್ಷಯರೋಗ ಚಿಕಿತ್ಸೆ, ಶಿಶುಗಳಿಗೆ ಹಾಲು, ಗ್ರಂಥಾಲಯ ಮೊದಲಾದವನ್ನು ಹುರುಪಿನಿಂದ ಕೈಗೆತ್ತಿಕೊಂಡಿತು. ಎಲ್ಲಕ್ಕಿಂತ ಹೆಚ್ಚು ವಿವಾದಕ್ಕೆ ಗುರಿಯಾದದ್ದು 1920ರಲ್ಲಿ ಕೌನ್ಸಿಲಿನ ಕೆಲಸಗಾರರಿಗೆ ಗಂಡು ಹೆಣ್ಣೆಂಬ ಭೇದವಿಲ್ಲದೆ ವಾರಕ್ಕೆ ಕನಿಷ್ಠ 4 ಪೌಂಡ್ ಕೂಲಿ ಎಂದು ಗೊತ್ತುಮಾಡಿದ ನಿರ್ಣಯ.

ಈ ಕಾರ್ಯಕ್ರಮಗಳಿಗೆಲ್ಲ ಹಣ ಬರಬೇಕಾಗಿದ್ದದ್ದು ‘ರೇಟ್’ ಎಂಬ ಸ್ಥಳೀಯ ಕಂದಾಯದಿಂದ. ಪ್ರತಿ ಕಟ್ಟಡದ ವಾರ್ಷಿಕ ಬಾಡಿಗೆ ಮೌಲ್ಯವನ್ನು ಅಂದಾಜು ಮಾಡಿ, ಆ ಮೌಲ್ಯದ ಪ್ರತಿ ಪೌಂಡಿಗೆ ಇಷ್ಟು ಪೆನ್ನಿ ಎಂದು ಕೌನ್ಸಿಲ್ ದರ ಗೊತ್ತುಮಾಡುತ್ತಿತ್ತು. ಒಂದು ಪೌಂಡಿಗೆ ಆಗ 240 ಪೆನ್ನಿ. ವೈಭವದ ಅಂಗಡಿ, ಹೋಟೆಲು, ಮಹಲುಗಳ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಒಂದು ಪೆನ್ನಿ ದರ ಹಾಕಿದರೆ ಸುಮಾರು 31,700 ಪೌಂಡ್ ಬೊಕ್ಕಸಕ್ಕೆ ಬರುತ್ತಿತ್ತು. ಅದೇ ಒಂದು ಪೆನ್ನಿ ಪಾಪ್ಲರಿನಲ್ಲಿ ತರುತ್ತಿದ್ದದ್ದು ಸುಮಾರು 3,600 ಪೌಂಡ್. ಹೀಗಾಗಿ ಒಂದೇ ಮೊತ್ತವನ್ನು ಎತ್ತಲು ಪಾಪ್ಲರಿನ ಬಾಡಿಗೆ ಮನೆಯವರು ವೆಸ್ಟ್‌ಮಿನ್‌ಸ್ಟರ್‌ನ ಶ್ರೀಮಂತರಿಗಿಂತ ಎಂಟು ಒಂಬತ್ತು ಪಟ್ಟು ಹೆಚ್ಚಿನ ದರ ಹೊರಬೇಕಾಗಿತ್ತು. ಬಡವರ ಪರಿಹಾರದ ಬಹುಪಾಲು ವೆಚ್ಚವನ್ನು ಆಯಾ ಪ್ರದೇಶವೇ ಭರಿಸಬೇಕೆಂಬ ನಿಯಮ ಈ ಅನ್ಯಾಯವನ್ನು ಇನ್ನಷ್ಟು ಬಿಗಿಮಾಡಿತ್ತು: ಎಲ್ಲಿ ಬಡವರು ಹೆಚ್ಚೋ ಅಲ್ಲಿ ವೆಚ್ಚ ಹೆಚ್ಚು, ಮತ್ತು ಎಲ್ಲಿ ವೆಚ್ಚ ಹೆಚ್ಚೋ ಅಲ್ಲಿಯೇ ವರಮಾನ ಕಡಿಮೆ. ಲಂಡನ್ನಿನ ಎಲ್ಲ ಪ್ರದೇಶಗಳೂ ಪಾಲು ಕೊಡುತ್ತಿದ್ದ ಬಡವರ ಸಾಮಾನ್ಯ ನಿಧಿಯೊಂದು 1867ರಿಂದ ಇತ್ತಾದರೂ, ಮನೆಯಲ್ಲೇ ಇದ್ದುಕೊಂಡು ಪರಿಹಾರ ಪಡೆಯುವ ನಿರುದ್ಯೋಗಿಗಳ ಖರ್ಚು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. 1920ರ ಕೊನೆಗೆ ಆರ್ಥಿಕ ಕುಸಿತ ಆರಂಭವಾಗಿ ಹಡಗುಕಟ್ಟೆಗಳಲ್ಲಿ ಕೆಲಸ ಬತ್ತತೊಡಗಿದಾಗ, 39 ಸ್ಥಾನಗಳ ಬಹುಮತ ಈ ಅಂಕಗಣಿತದ ಎದುರು ಕೈಚೆಲ್ಲಬೇಕಾದ ಸ್ಥಿತಿ ಬಂದಿತು.

ಪಾಪ್ಲರಿನವರು ಹುಡುಕಿದ ದಾರಿ ಜಾಣತನದ್ದೂ ಹೌದು, ಕಾನೂನಿಗೆ ವಿರುದ್ಧವಾದದ್ದೂ ಹೌದು. ಬರೋ ಕೌನ್ಸಿಲ್ ತನ್ನ ಖರ್ಚಿಗಾಗಿ ಮಾತ್ರವಲ್ಲದೆ ಲಂಡನ್ ಕೌಂಟಿ ಕೌನ್ಸಿಲ್, ಮಹಾನಗರ ಪೊಲೀಸ್, ನೀರು ಸರಬರಾಜು ಮಂಡಳಿ ಮತ್ತು ಆಸ್ಪತ್ರೆಗಳನ್ನು ನಡೆಸುತ್ತಿದ್ದ ಅಸೈಲಮ್ಸ್ ಮಂಡಳಿಗಳ ಪರವಾಗಿಯೂ ಕಂದಾಯ ವಸೂಲು ಮಾಡಿ ಒಪ್ಪಿಸಬೇಕಾಗಿತ್ತು. ಈ ಮೇಲಿನ ಸಂಸ್ಥೆಗಳ ಬೇಡಿಕೆಗೆ ‘ಪ್ರಿಸೆಪ್ಟ್’ ಎಂದು ಹೆಸರು. 1921ರ ಮಾರ್ಚ್‌ನಲ್ಲಿ ಕೌನ್ಸಿಲ್ ತನ್ನ ಮತ್ತು ಗಾರ್ಡಿಯನ್ಸ್ ಮಂಡಳಿಯ ಅಗತ್ಯಕ್ಕೆ ಬೇಕಾದಷ್ಟು ಮಾತ್ರ ದರ ಹಾಕಿ, ಪ್ರಿಸೆಪ್ಟ್‌ಗಳ ಪಾಲನ್ನು ಕೈಬಿಟ್ಟಿತು. ಕೌಂಟಿ ಕೌನ್ಸಿಲ್ ಹೈಕೋರ್ಟಿಗೆ ಹೋಯಿತು. ಜುಲೈ 29ರಂದು ಸದಸ್ಯರು ಬೋದಿಂದ ನ್ಯಾಯಾಲಯದವರೆಗೆ ಸಾವಿರಾರು ಜನರೊಡನೆ ಮೆರವಣಿಗೆಯಲ್ಲಿ ನಡೆದರು. ಮುಂದೆ ರಾಜದಂಡ ಹಿಡಿದ ಅಧಿಕಾರಿ, ಹಿಂದೆ ಕೊರಳಲ್ಲಿ ಅಧಿಕಾರದ ಸರ ಧರಿಸಿದ ಆಗಿನ ಮೇಯರ್ ಸ್ಯಾಮ್ ಮಾರ್ಚ್, ಅವರ ಬೆನ್ನಿಗೆ ತಾವು ಹೈಕೋರ್ಟಿಗೂ ಬಹುಶಃ ಜೈಲಿಗೂ ಹೋಗುತ್ತಿದ್ದೇವೆಂದು ಸಾರುವ ಬ್ಯಾನರ್. ಪುರಸಭೆಯ ಪದವಿಯ ಲಾಂಛನಗಳನ್ನೆಲ್ಲ ಕಾನೂನುಭಂಗದ ಮೆರವಣಿಗೆಗೆ ತೊಡಿಸಿದ್ದು ಸುಮ್ಮನೆ ಮೋಜಿಗಲ್ಲ. ನ್ಯಾಯಾಲಯದ ಮುಂದೆ ನಿಲ್ಲುತ್ತಿರುವುದು ಬಿಡಿ ವ್ಯಕ್ತಿಗಳಲ್ಲ, ಚುನಾಯಿತ ಬರೋ ಎಂದು ತೋರಿಸುವುದು ಅದರ ಉದ್ದೇಶವಾಗಿತ್ತು.

ನ್ಯಾಯಾಲಯದ ಆಜ್ಞೆಗೆ ಅವರು ಬಗ್ಗಲಿಲ್ಲ. ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಮೂವತ್ತು ಮಂದಿ ಬಂಧಿತರಾದರು: ಇಪ್ಪತ್ತೈದು ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಐವರು ಹೆಂಗಸರು ಹಾಲೋವೇ ಜೈಲಿಗೆ. ಆ ಐವರಲ್ಲಿ ಸಂಪ್ರದಾಯವಾದಿ ಪಾಳಯದಿಂದ ಕೌಂಟಿ ಕೌನ್ಸಿಲಿಗೆ ಬಂದು ಮುಂದೆ ಲೇಬರ್ ಸೇರಿದ್ದ ಸೂಸನ್ ಲಾರೆನ್ಸ್ ಇದ್ದರು, ಲ್ಯಾನ್ಸ್‌ಬರಿಯವರ ಸೊಸೆ ಮಿನ್ನಿ ಇದ್ದರು, ತುಂಬು ಗರ್ಭಿಣಿಯಾಗಿದ್ದ ನೆಲಿ ಕ್ರೆಸಾಲ್ ಇದ್ದರು. ಗರ್ಭಿಣಿಯನ್ನು ಸೆರೆಯಲ್ಲಿಟ್ಟರೆಂಬ ಗದ್ದಲವೆದ್ದಾಗ ಸರ್ಕಾರ ಕ್ರೆಸಾಲ್ ಅವರನ್ನು ಉಳಿದವರಿಗಿಂತ ಮೊದಲೇ ಬಿಟ್ಟಿತು. ಅವರು 1943ರಲ್ಲಿ ಇದೇ ಬರೋದ ಮೇಯರ್ ಆದರು. ಕೌನ್ಸಿಲಿನ ಸಭೆಗಳು ಬ್ರಿಕ್ಸ್‌ಟನ್ ಜೈಲಿನೊಳಗೇ ನಡೆದವು, ಅದಕ್ಕಾಗಿ ಮಹಿಳಾ ಸದಸ್ಯರನ್ನು ಹಾಲೋವೇಯಿಂದ ಕರೆತರಲಾಗುತ್ತಿತ್ತು. ಲ್ಯಾನ್ಸ್‌ಬರಿ ಕಿಟಕಿಯ ಸರಳುಗಳ ನಡುವಿನಿಂದ ಹೊರಗೆ ನೆರೆದವರಿಗೆ ಭಾಷಣ ಮಾಡುತ್ತಿದ್ದರು. ಬೆತ್ನಲ್ ಗ್ರೀನ್ ಮತ್ತು ಸ್ಟೆಪ್ನಿ ಬರೋಗಳೂ ಇದೇ ಹಾದಿ ಹಿಡಿಯುವುದಾಗಿ ನಿರ್ಣಯಿಸಿದಾಗ ಸರ್ಕಾರಕ್ಕೆ ದಿಗಿಲು ಹುಟ್ಟಿತು. ಅಕ್ಟೋಬರ್ 12ರಂದು ಸದಸ್ಯರೆಲ್ಲ ಬಿಡುಗಡೆಯಾದರು. ಅದೇ ವರ್ಷ ಅಂಗೀಕಾರವಾದ ಸ್ಥಳೀಯ ಪ್ರಾಧಿಕಾರಗಳ ಹಣಕಾಸು ಕಾಯಿದೆ, ಮನೆಯಲ್ಲಿದ್ದು ಪಡೆಯುವ ಪರಿಹಾರದ ವೆಚ್ಚವನ್ನೂ ಸಾಮಾನ್ಯ ನಿಧಿಯ ವ್ಯಾಪ್ತಿಗೆ ತಂದಿತು. ವೆಸ್ಟ್‌ಮಿನ್‌ಸ್ಟರ್‌ನ ಹಣ ಪಾಪ್ಲರಿನ ನಿರುದ್ಯೋಗಿಗೆ ಹರಿಯುವ ಕಾಲುವೆ ತೆರೆಯಿತು. ಮಿನ್ನಿ ಲ್ಯಾನ್ಸ್‌ಬರಿ ಅದರ ಫಲವನ್ನು ಕಾಣಲಿಲ್ಲ; 1922ರ ಜನವರಿ 1ರಂದು, 32ನೆಯ ವಯಸ್ಸಿನಲ್ಲಿ, ಅವರು ನ್ಯುಮೋನಿಯಾದಿಂದ ತೀರಿಕೊಂಡರು.

ಲೇಬರ್ ಪಕ್ಷದೊಳಗೆ ಎಲ್ಲರೂ ಇದನ್ನು ಮೆಚ್ಚಲಿಲ್ಲ. ಆಗ ಹ್ಯಾಕ್ನಿ ಬರೋದ ಮೇಯರ್ ಆಗಿದ್ದ, ಲಂಡನ್ ಲೇಬರ್ ಪಕ್ಷದ ಕಾರ್ಯದರ್ಶಿ ಹರ್ಬರ್ಟ್ ಮಾರಿಸನ್, ಕಾನೂನು ಮುರಿಯುವವರಿಗೆ ಮತದಾರರು ಆಡಳಿತವನ್ನು ನಂಬಿ ಒಪ್ಪಿಸಲಾರರು ಎಂಬ ನಿಲುವಿನವರಾಗಿದ್ದರು. ಇದಕ್ಕೆ ಮತಪೆಟ್ಟಿಗೆ ಕೊಟ್ಟ ಉತ್ತರ ವಿಚಿತ್ರವಾಗಿತ್ತು. ಎಲ್ಲ ಸ್ಥಾನಗಳಿಗೂ ಮೂರು ವರ್ಷಕ್ಕೊಮ್ಮೆ ಒಟ್ಟಿಗೆ ನಡೆಯುತ್ತಿದ್ದ ಚುನಾವಣೆ 1922ರ ನವೆಂಬರ್‌ನಲ್ಲಿ ಮತ್ತೆ ಬಂದಾಗ, ಲೇಬರ್ ಪಕ್ಷ 1919ರಲ್ಲಿ ಗೆದ್ದಿದ್ದ ಬಹಳಷ್ಟು ಬರೋಗಳನ್ನು ಕಳೆದುಕೊಂಡಿತು, ಸಂಯಮಕ್ಕೆ ಹೆಸರಾದ ಹ್ಯಾಕ್ನಿಯೂ ಕೈತಪ್ಪಿತು. ಪಾಪ್ಲರ್ ಮಾತ್ರ ಅಲುಗಲಿಲ್ಲ. ಅದೇ ತಿಂಗಳ ಪಾರ್ಲಿಮೆಂಟ್ ಚುನಾವಣೆಯಲ್ಲಿ ಲ್ಯಾನ್ಸ್‌ಬರಿ ಮತ್ತು ಸ್ಯಾಮ್ ಮಾರ್ಚ್ ಇಬ್ಬರೂ ಗೆದ್ದರು. ಇಷ್ಟರಿಂದಲೇ ಮಾರಿಸನ್ನರ ಲೆಕ್ಕಾಚಾರ ತಪ್ಪೆಂದು ತೀರ್ಮಾನಿಸುವುದು ಆತುರವಾದೀತು, ಏಕೆಂದರೆ ಮಧ್ಯಮ ವರ್ಗದವರೂ ಗಣನೀಯವಾಗಿದ್ದ ಹ್ಯಾಕ್ನಿಯ ಮತದಾರರನ್ನು ಹಡಗುಕಟ್ಟೆಯ ಮತದಾರರೊಡನೆ ತೂಗಲಾಗದು. ಆದರೂ ಜೈಲಿಗೆ ಹೋದವರನ್ನು ಜನ ಕೈಬಿಡುತ್ತಾರೆಂಬ ಭಯ ಪಾಪ್ಲರಿನ ಮಟ್ಟಿಗಾದರೂ ಆಧಾರವಿಲ್ಲದ್ದಾಗಿತ್ತು.

ಚುನಾಯಿತ ಸದಸ್ಯರ ಜೊತೆಗೆ, ಅವರೇ ಆರಿಸಿಕೊಳ್ಳುವ ‘ಆಲ್ಡರ್‌ಮನ್’ ಎಂಬ ಹಿರಿಯ ಸದಸ್ಯರೂ ಬರೋ ಕೌನ್ಸಿಲಿನಲ್ಲಿ ಇರುತ್ತಿದ್ದರು. ಪಾಪ್ಲರಿನಲ್ಲಿ 1922ರಿಂದ ಈ ಸ್ಥಾನದಲ್ಲಿದ್ದು ತಾಯಿ-ಮಕ್ಕಳ ಆರೋಗ್ಯದ ಕೆಲಸ ನೋಡಿಕೊಂಡವರು ಮ್ಯೂರಿಯಲ್ ಲೆಸ್ಟರ್. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಹೋಟೆಲುಗಳನ್ನು ಬಿಟ್ಟು ಉಳಿದುಕೊಂಡದ್ದು ಇವರು ನಡೆಸುತ್ತಿದ್ದ ಕಿಂಗ್ಸ್ಲಿ ಹಾಲ್‌ನಲ್ಲಿ, ಇದೇ ಬರೋದೊಳಗೆ.

ಪಾಪ್ಲರಿನ ಗೆಲುವಿಗೆ ನಿಜವಾದ ಪೆಟ್ಟು ಬಿದ್ದದ್ದು ಮತಗಟ್ಟೆಯಲ್ಲಲ್ಲ, ಲೆಕ್ಕ ತಪಾಸಣೆಯಲ್ಲಿ. ಸ್ಥಳೀಯ ಸಂಸ್ಥೆಗಳ ಖರ್ಚನ್ನು ಪರೀಕ್ಷಿಸುವ ಜಿಲ್ಲಾ ಆಡಿಟರ್‌ಗೆ ಕಾನೂನುಬಾಹಿರವೆಂದು ಕಂಡ ವೆಚ್ಚವನ್ನು ಸದಸ್ಯರ ಸ್ವಂತ ಜೇಬಿನಿಂದ ಕಟ್ಟಿಸುವ ಅಧಿಕಾರವಿತ್ತು. ಅದಕ್ಕೆ ಸರ್ಚಾರ್ಜ್ ಎನ್ನುತ್ತಿದ್ದರು. ಜೀವನವೆಚ್ಚ ಇಳಿಯುತ್ತಿದ್ದರೂ ಕೂಲಿಯನ್ನು 4 ಪೌಂಡಿನಲ್ಲೇ ಹಿಡಿದಿಟ್ಟದ್ದಕ್ಕಾಗಿ ಆಡಿಟರ್ 1921–22ರ ಲೆಕ್ಕದಲ್ಲಿ 5,000 ಪೌಂಡ್ ಸರ್ಚಾರ್ಜ್ ಹಾಕಿದರು. ಅಪೀಲು ನ್ಯಾಯಾಲಯ ಕೌನ್ಸಿಲಿನ ಪರ ನಿಂತಿತು; 1925ರಲ್ಲಿ ಲಾರ್ಡ್ಸ್ ನ್ಯಾಯಪೀಠ ಅದನ್ನು ತಿರುವಿಹಾಕಿತು. ಕೌನ್ಸಿಲ್ ತಾನು ಸರಿಯೆಂದು ಭಾವಿಸುವ ಕೂಲಿ ಕೊಡಬಹುದೆಂದು ಕಾಯಿದೆ ಹೇಳಿದರೂ ಅದರ ಅರ್ಥ ಸಮಂಜಸವಾದ ಕೂಲಿ ಎಂದೇ. ಕೌನ್ಸಿಲ್ ಕಂದಾಯ ಕಟ್ಟುವವರಿಗೆ ಧರ್ಮದರ್ಶಿಯಂಥ ಹೊಣೆ ಹೊತ್ತಿದೆ ಎಂಬುದು ತೀರ್ಪಿನ ತಿರುಳು. ಒಬ್ಬ ನ್ಯಾಯಾಧೀಶರಂತೂ ಸಮಾಜವಾದಿ ಪರೋಪಕಾರವನ್ನೂ ಹೆಣ್ಣಿಗೆ ಸಮಾನ ಕೂಲಿ ಎಂಬ ಆಸೆಯನ್ನೂ ಒಂದೇ ಉಸಿರಿನಲ್ಲಿ ಹಳಿದರು. ಎರಡು ಚುನಾವಣೆಗಳಲ್ಲಿ ಕಂದಾಯ ಕಟ್ಟುವವರೂ ಸೇರಿದಂತೆ ಮತದಾರರು ಈ ಕೌನ್ಸಿಲನ್ನು ಒಪ್ಪಿದ್ದರೆಂಬ ಸಂಗತಿಗೆ ಈ ತರ್ಕದಲ್ಲಿ ಹೆಚ್ಚಿನ ತೂಕವಿರಲಿಲ್ಲ.

1927ರ ಕಾಯಿದೆಯೊಂದು 500 ಪೌಂಡ್ ಮೀರಿದ ಸರ್ಚಾರ್ಜ್‌ಗೆ ಒಳಗಾದವರನ್ನು ಐದು ವರ್ಷ ಸದಸ್ಯತ್ವದಿಂದ ಅನರ್ಹಗೊಳಿಸಿತು. 1929ರ ಸ್ಥಳೀಯ ಸರ್ಕಾರ ಕಾಯಿದೆ ಗಾರ್ಡಿಯನ್ಸ್ ಮಂಡಳಿಗಳನ್ನೇ ರದ್ದುಮಾಡಿ ಬಡವರ ಪರಿಹಾರವನ್ನು ಕೌಂಟಿಗಳಿಗೆ ವಹಿಸಿತು. ಪಾಪ್ಲರ್ ಬರೋ 1965ರಲ್ಲಿ ಸ್ಟೆಪ್ನಿ, ಬೆತ್ನಲ್ ಗ್ರೀನ್‌ಗಳೊಡನೆ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಸೇರಿಹೋಯಿತು. ತೀರ್ಪು ಮಾತ್ರ ಉಳಿಯಿತು. 1981ರ ಮೇ ತಿಂಗಳಲ್ಲಿ ಬಸ್ಸು ರೈಲುಗಳ ದರ ಇಳಿಸುವ ಭರವಸೆ ಕೊಟ್ಟು ಗ್ರೇಟರ್ ಲಂಡನ್ ಕೌನ್ಸಿಲಿನ ಚುನಾವಣೆ ಗೆದ್ದ ಲೇಬರ್ ಪಕ್ಷ, ಆ ಭರವಸೆಯನ್ನು ಕಂದಾಯದ ಹಣದಿಂದ ಈಡೇರಿಸಹೊರಟಾಗ ಹೊರವಲಯದ ಬ್ರಾಮ್ಲಿ ಬರೋ ನ್ಯಾಯಾಲಯಕ್ಕೆ ಹೋಯಿತು. ಹೆಸರು ಒಂದೇ ಆದರೂ ಪಾಪ್ಲರಿನೊಳಗಿದ್ದ ಬ್ರಾಮ್ಲಿಗೂ ಭೂಗತ ರೈಲು ಕಾಲಿಡದ ಈ ಬ್ರಾಮ್ಲಿಗೂ ಸಂಬಂಧವಿಲ್ಲ. ಡಿಸೆಂಬರ್‌ನಲ್ಲಿ ಲಾರ್ಡ್ಸ್ ನ್ಯಾಯಪೀಠ 1925ರ ತೀರ್ಪನ್ನು ಆಧಾರವಾಗಿಟ್ಟುಕೊಂಡು ದರ ಇಳಿಕೆಗೆಂದು ಹಾಕಿದ್ದ ಹೆಚ್ಚುವರಿ ಕಂದಾಯವನ್ನು ರದ್ದುಮಾಡಿತು, ಮತ್ತು ಗೆದ್ದ ಪಕ್ಷದ ಪ್ರಣಾಳಿಕೆ ಸದಸ್ಯರನ್ನು ಕಟ್ಟಿಹಾಕುವಂಥದ್ದಲ್ಲ ಎಂದಿತು.