ನಿಕಲ್ ಸಂಕೀರ್ಣಗಳ ಕಾಂತತ್ವ: ಅಳತೆಯ ಚರಿತ್ರೆ

ವಿಜ್ಞಾನದ ಇತಿಹಾಸದಲ್ಲಿ ಸಿದ್ಧಾಂತಕ್ಕೆ ಮೊದಲ ಮಣೆಯನ್ನೂ ಅಳತೆಗೆ ಕಡೆಯ ಪಂಕ್ತಿಯನ್ನೂ ಕೊಡುವುದು ವಾಡಿಕೆ. ನಿಕಲ್ ಸಂಕೀರ್ಣಗಳ ಕಾಂತತ್ವದ ಚರಿತ್ರೆ ಈ ವಾಡಿಕೆಯನ್ನು ಒಪ್ಪುವುದಿಲ್ಲ.

ಆರು ಪರಮಾಣುಗಳ ನಡುವೆ ನೆಲೆಗೊಂಡ ದ್ವಿಸಂಯೋಜಕ ನಿಕಲ್ ಅಯಾನಿನಲ್ಲಿ ಸಾಮಾನ್ಯವಾಗಿ ಜೊತೆಗೂಡದ ಎರಡು ಎಲೆಕ್ಟ್ರಾನುಗಳಿರುತ್ತವೆ. ಒಂದು ಅಯಾನಿನ ಗಿರಕಿ ನೆರೆಯದರ ಗಿರಕಿಯನ್ನು ತನ್ನಂತೆಯೋ ತನಗಿದಿರಾಗಿಯೋ ತಿರುಗಿಸುವುದು ಸಂಯೋಜನ. ಒಂದೇ ಅಯಾನಿನ ಕಾಂತತ್ವ ದಿಕ್ಕಿನಿಂದ ದಿಕ್ಕಿಗೆ ಬೇರೆಯಾಗುವುದು ದಿಗ್ಭೇದ. ಅತಿಶೀತದಲ್ಲಿ ಪುಡಿಯನ್ನು ಅಳೆದರೆ ಇವೆರಡರ ಪರಿಣಾಮಗಳು ಬೆರೆತು, ಬೇರ್ಪಡಿಸಲು ಕಷ್ಟವಾಗುತ್ತವೆ. ಒಂಟಿ ಹರಳನ್ನು ಅಕ್ಷಾನುಸಾರವಾಗಿ ಅಳೆದಾಗ ಭೇದ ಸ್ಪಷ್ಟವಾಗುತ್ತದೆ.

ಹರಳಿನ ದಿಗ್ಭೇದವನ್ನು ಸೂಕ್ಷ್ಮವಾಗಿ ಅಳೆಯುವ ಕ್ರಮವನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು ಕೆ. ಎಸ್. ಕೃಷ್ಣನ್. 1933ರವರೆಗೆ ಢಾಕಾದಲ್ಲಿಯೂ ಅನಂತರ ಕಲ್ಕತ್ತೆಯಲ್ಲಿಯೂ ಅವರು ಸಹೋದ್ಯೋಗಿಗಳೊಡನೆ, ಹರಳನ್ನು ಎಳೆಯೊಂದರಿಂದ ಕಾಂತಕ್ಷೇತ್ರದಲ್ಲಿ ತೂಗಿಬಿಟ್ಟು ಅದರ ತಿರುಚನ್ನು ಅಳೆದರು. 1932ರಲ್ಲಿ ಶ್ಲಾಪ್ ಮತ್ತು ಪೆನಿ ನಿಕಲ್ ಲವಣಗಳಿಗೂ ಅನ್ವಯಿಸಿದ ಸ್ಫಟಿಕಕ್ಷೇತ್ರ ಸಿದ್ಧಾಂತಕ್ಕೆ ಇಂಥ ಅಳತೆಗಳೇ ಒರೆಗಲ್ಲಾದವು.

1968ರಲ್ಲಿ ಗಿನ್ಸ್‌ಬರ್ಗ್, ಮಾರ್ಟಿನ್ ಮತ್ತು ಶೆರ್‌ವುಡ್, ಮೂರು ನಿಕಲ್‌ಗಳ ಅಸಿಟೈಲ್‌ಅಸಿಟೋನೇಟ್ ಅಣುವಿನಲ್ಲಿ ನೆರೆಯ ಅಯಾನುಗಳಿಗೆ ಸಮಾನಮುಖವಾಗುವ ಒಲವೂ ತುದಿಯವೆರಡಕ್ಕೆ ಇದಿರಾಗುವ ಒಲವೂ ಇರುವುದನ್ನು ತೋರಿಸಿದರು. 1983ರಲ್ಲಿ ಹಾಲ್ಡೇನ್, ಪೂರ್ಣಾಂಕ ಗಿರಕಿಯ ಸರಪಳಿಗಳಲ್ಲಿ ಮೂಲಸ್ಥಿತಿಗೂ ಮೊದಲ ಉದ್ರಿಕ್ತಸ್ಥಿತಿಗೂ ನಡುವೆ ಶಕ್ತಿಯ ಅಂತರವಿರಬೇಕೆಂದು ಸೂಚಿಸಿದರು. 1987ರಲ್ಲಿ ಫ್ರಾನ್ಸಿನ ರೆನಾರ್ ಮತ್ತು ಸಂಗಡಿಗರು ನಿಕಲ್ ಸಂಕೀರ್ಣವೊಂದರ ಹರಳಿನಲ್ಲಿ ಅದನ್ನು ಕಂಡರು. ದಿಗ್ಭೇದದಿಂದ ಆ ಅಂತರ ಎರಡಾಗಿ ಒಡೆದಿತ್ತು.

2016ರ ನೊಬೆಲ್ ಪಾರಿತೋಷಕದಲ್ಲಿ ಹಾಲ್ಡೇನರಿಗೆ ಪಾಲು ದೊರೆತುದು ಉಚಿತವೇ. ಆದರೆ ಆ ಊಹೆಗೆ ಸಾಕ್ಷಿ ನುಡಿದುದು ದಿಕ್ಕು ಹಿಡಿದು ಅಳೆದ ಹರಳು. ಆ ವಿದ್ಯೆಯ ವಂಶಾವಳಿಯಲ್ಲಿ ಢಾಕಾದ ಪ್ರಯೋಗಶಾಲೆಯ ಹೆಸರನ್ನು ಬಿಡುವುದು ಇತಿಹಾಸಕಾರನಿಗೆ ಸಲ್ಲದು.